ಕಲಬುರಗಿಯ ಬೇಸಿಗೆಯಲ್ಲಿ ಎಸಿಯ ನಿಜವಾದ ಖರ್ಚು: ಕಾದ ಚಾವಣಿ ಮತ್ತು 200 ಯೂನಿಟ್‌ನ ಗೆರೆ

ಎಸಿ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಬೆಲೆ ಕೇಳಿದ ಬಳಿಕ ಕೇಳುವ ಪ್ರಶ್ನೆ ಒಂದೇ: ‘ಇದು ಗಂಟೆಗೆ ಎಷ್ಟು ಕರೆಂಟ್ ಎಳೆಯುತ್ತದೆ?’ ಬೆಲೆಯ ಹೊರೆ 2025ರ ಸೆಪ್ಟೆಂಬರ್ 22ರಿಂದ ತುಸು ಹಗುರಾಗಿದೆ. ಅಂದಿನಿಂದ ಎಸಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಆದರೆ ಕರೆಂಟಿನ ಪ್ರಶ್ನೆಗೆ ಅಂಗಡಿಯವರು ವಿದ್ಯುತ್ ದಕ್ಷತೆಯ ತಾರೆಗಳ (ಸ್ಟಾರ್) ಚೀಟಿ ತೋರಿಸಿ ಕೊಡುವ ಉತ್ತರ ಕಲಬುರಗಿ, ಯಾದಗಿರಿಗಳ ಮಟ್ಟಿಗೆ ಅರ್ಧ ಉತ್ತರವಷ್ಟೇ. ಇಲ್ಲಿ ಎಸಿಯ ಖರ್ಚನ್ನು ತೀರ್ಮಾನಿಸುವುದರಲ್ಲಿ ಯಂತ್ರಕ್ಕಿಂತ ಹೆಚ್ಚಿನ ಪಾಲು ಎರಡು ಸಂಗತಿಗಳದು. ಒಂದು, ದಿನವಿಡೀ ಕಾದ ಮನೆಯ ಚಾವಣಿ. ಇನ್ನೊಂದು, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆಯ 200 ಯೂನಿಟ್‌ನ ಗೆರೆ. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಎಸಿ ಹಾಕಿಸಿದ ಮನೆಗಳಿಗೆ ಏಪ್ರಿಲ್ ತಿಂಗಳ ಬಿಲ್ ಕೈಗೆ ಬಂದಾಗ ಆಘಾತವಾಗುತ್ತದೆ.

ಮೊದಲು ಯಂತ್ರದ ವಿಷಯ. ಎಸಿ ವಿದ್ಯುತ್ತನ್ನು ತಂಪಾಗಿ ಪರಿವರ್ತಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೀರಿ ಹೊರಗೆ ಸಾಗಿಸುತ್ತದೆ, ಆ ಸಾಗಾಟಕ್ಕೆ ವಿದ್ಯುತ್ ಬಳಸುತ್ತದೆ. ‘ಒಂದು ಟನ್’ ಎನ್ನುವುದು ಅದರ ತೂಕಕ್ಕೆ ಸಂಬಂಧಿಸಿದ ಮಾತಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದ ಪ್ರಮಾಣದಿಂದ ಬಂದ ಅಳತೆ ಅದು, ಸುಮಾರು 3.5 ಕಿಲೋವಾಟ್‌ಗೆ ಸಮ. ಸಾಮಾನ್ಯವಾಗಿ ಮನೆಗಳಿಗೆ ಹಾಕಿಸುವ ಒಂದೂವರೆ ಟನ್‌ನ ಎಸಿ ಐದು ಕಿಲೋವಾಟ್‌ಗಿಂತ ಸ್ವಲ್ಪ ಹೆಚ್ಚಿನ ದರದಲ್ಲಿ ಶಾಖವನ್ನು ಹೊರಹಾಕಬಲ್ಲದು, ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಅದಕ್ಕೆ ಸುಮಾರು ಒಂದೂವರೆ ಕಿಲೋವಾಟ್ ವಿದ್ಯುತ್ ಬೇಕು. ಅಂದರೆ ಬಿಡುವಿಲ್ಲದೆ ಪೂರ್ಣವಾಗಿ ಓಡಿದರೆ ಗಂಟೆಗೆ ಒಂದೂವರೆ ಯೂನಿಟ್. ಇನ್ವರ್ಟರ್ ಎಸಿಗಳಲ್ಲಿ ಕೋಣೆ ತಣಿದಂತೆಲ್ಲ ಕಂಪ್ರೆಸರಿನ ವೇಗ ಕಡಿಮೆಯಾಗುವುದರಿಂದ ಬಳಕೆ ಅರ್ಧ ಯೂನಿಟ್‌ಗೂ ಇಳಿಯಬಹುದು. ಈ ಅರ್ಧಕ್ಕೂ ಒಂದೂವರೆಗೂ ನಡುವೆ ನಿಮ್ಮ ಮನೆ ಎಲ್ಲಿ ನಿಲ್ಲುತ್ತದೆ ಎಂಬುದೇ ಅಸಲು ಪ್ರಶ್ನೆ.

ಚೀಟಿಯಲ್ಲಿ ಅಚ್ಚಾದ ವಾರ್ಷಿಕ ಯೂನಿಟ್‌ಗಳು ಇದಕ್ಕೆ ಪೂರ್ತಿ ಉತ್ತರ ಕೊಡುವುದಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಕೊಡುವ ತಾರೆಗಳು ವರ್ಷಕ್ಕೆ 1600 ಗಂಟೆಗಳ ಬಳಕೆಯನ್ನು ಆಧಾರವಾಗಿ ಇಟ್ಟುಕೊಂಡಿವೆ. ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿಯವರೆಗೆ ಇರುವ ಗಂಟೆಗಳನ್ನು ಇಡೀ ದೇಶದ ಹವಾಮಾನಕ್ಕೆ ಹೊಂದುವಂತೆ ಹಂಚಿ ಆ ಸರಾಸರಿಯನ್ನು ತೆಗೆಯಲಾಗುತ್ತದೆ. ಆ ಪಟ್ಟಿಯಲ್ಲಿ ಹಿತವಾದ ಉಷ್ಣಾಂಶದ ಗಂಟೆಗಳೇ ಹೆಚ್ಚು, 40 ದಾಟಿದ ಗಂಟೆಗಳು ತೀರ ಕಡಿಮೆ. ಕಲಬುರಗಿಯಲ್ಲಿ ಜನ ಎಸಿ ಹಾಕುವುದೇ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ. ಹಗಲಿನ ಗರಿಷ್ಠ ಉಷ್ಣಾಂಶ 40ರ ಮೇಲೆಯೇ ಇರುವ, ಕೆಲವು ದಿನ 43ರ ಆಸುಪಾಸಿಗೆ ಹೋಗುವ ವಾರಗಳವು. ಹೊರಗಿನ ಗಾಳಿ ಎಷ್ಟು ಕಾದಿರುತ್ತದೆಯೋ ಅಷ್ಟು ಕಷ್ಟಪಟ್ಟು ಎಸಿ ಶಾಖವನ್ನು ಹೊರದೂಡಬೇಕು. ಹಾಗಾಗಿ ಅದರ ತಂಪು ಮಾಡುವ ಶಕ್ತಿ ಕುಗ್ಗುತ್ತದೆ, ವಿದ್ಯುತ್ ಬಳಕೆ ಏರುತ್ತದೆ. ಯಂತ್ರದ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವ ಪರೀಕ್ಷಾ ಕೋಣೆಯಲ್ಲಿ ಎಂಬುದನ್ನು ನೆನಪಿಟ್ಟರೆ, ಮೇ ತಿಂಗಳ ಮಧ್ಯಾಹ್ನ ಚೀಟಿಯ ಅಂಕಿ ಏಕೆ ಕೈಕೊಡುತ್ತದೆ ಎಂಬುದು ತಿಳಿಯುತ್ತದೆ. ಬೀದರ್ ಇದಕ್ಕಿಂತ ಎತ್ತರದ ಪ್ರಸ್ಥಭೂಮಿಯ ಮೇಲಿರುವುದರಿಂದ ಅಲ್ಲಿನ ರಾತ್ರಿಗಳು ತುಸು ಸಹನೀಯ, ಎಸಿ ಓಡುವ ಗಂಟೆಗಳೂ ಕಡಿಮೆ. ಭೀಮಾ ತೀರದ ಬಯಲಿಗೆ ಆ ಅನುಕೂಲ ಇಲ್ಲ.

ತಾರೆಗಳ ಬಗ್ಗೆ ಇನ್ನೊಂದು ಮಾತು. ಅವುಗಳ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ದಕ್ಷತೆಯ ಅಂಕ (ಚೀಟಿಯಲ್ಲಿ ISEER) 4.5 ಇದ್ದರೆ ಐದು ತಾರೆ ಸಿಗುತ್ತಿದ್ದ ಕಾಲವೊಂದಿತ್ತು. 2022ರ ಜುಲೈಯಿಂದ ಅದಕ್ಕೆ 5.0 ಬೇಕಾಯಿತು. ಹಾಗಾಗಿ ಹಳೆಯ ದಾಸ್ತಾನು ಕೊಳ್ಳುವವರು ತಾರೆಗಳನ್ನು ಎಣಿಸುವುದರ ಬದಲು ಚೀಟಿಯಲ್ಲಿರುವ ಈ ಅಂಕವನ್ನೂ ಅದು ಅನ್ವಯವಾಗುವ ವರ್ಷಗಳನ್ನೂ ಓದಬೇಕು.

ಈಗ ಚಾವಣಿಗೆ ಬರೋಣ, ಏಕೆಂದರೆ ನಮ್ಮ ಭಾಗದ ಎಸಿ ಬಿಲ್ಲಿನ ಬಹುಪಾಲು ಹುಟ್ಟುವುದು ಅಲ್ಲಿಯೇ. ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ಮಲಗುವ ಕೋಣೆಯನ್ನು ತೆಗೆದುಕೊಳ್ಳೋಣ. ಅದರೊಳಗಿನ ಗಾಳಿಯ ತೂಕ ನಲವತ್ತು ಕಿಲೋದಷ್ಟು. ಅಷ್ಟು ಗಾಳಿಯನ್ನು 40 ಡಿಗ್ರಿಯಿಂದ 25ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಒಂದು ಯೂನಿಟ್‌ನ ಆರನೇ ಒಂದು ಭಾಗ (ಶಾಖವನ್ನೂ ಇಲ್ಲಿ ಯೂನಿಟ್‌ನಲ್ಲೇ ಅಳೆದಿದ್ದೇನೆ; ಅದನ್ನು ಸಾಗಿಸಲು ಬೇಕಾಗುವ ವಿದ್ಯುತ್ ಅದಕ್ಕಿಂತ ಕಡಿಮೆ). ಎಸಿ ಅದನ್ನು ಕೆಲವೇ ನಿಮಿಷಗಳಲ್ಲಿ, ಐವತ್ತು ಪೈಸೆಯೂ ತಗುಲದ ವಿದ್ಯುತ್ತಿನಲ್ಲಿ ಮುಗಿಸಬಲ್ಲದು. ಅದೇ ಕೋಣೆಯ ಮೇಲಿನ ಐದು ಇಂಚಿಗೆ ಸಮೀಪದ ಆರ್‌ಸಿಸಿ ಚಾವಣಿಯ ತೂಕ ಮೂರು ಸಾವಿರ ಕಿಲೋ ಮೀರುತ್ತದೆ. ಅದನ್ನು ಒಂದೇ ಒಂದು ಡಿಗ್ರಿ ತಣಿಸಲು 0.8 ಯೂನಿಟ್‌ನಷ್ಟು ಶಾಖವನ್ನು ತೆಗೆಯಬೇಕು. ಇಡೀ ಕೋಣೆಯ ಗಾಳಿಯನ್ನು ಹದಿನೈದು ಡಿಗ್ರಿ ತಣಿಸುವುದಕ್ಕಿಂತ ಚಾವಣಿಯನ್ನು ಒಂದು ಡಿಗ್ರಿ ತಣಿಸುವುದು ನಾಲ್ಕೈದು ಪಟ್ಟು ದೊಡ್ಡ ಕೆಲಸ. ಗೋಡೆಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲುಂಡ ಈ ಚಾವಣಿ ತಾನು ಹೀರಿದ ಶಾಖವನ್ನು ತಕ್ಷಣ ಕೆಳಗೆ ಬಿಡುವುದಿಲ್ಲ. ಮೇಲಿನ ಮೈ ಮಧ್ಯಾಹ್ನ ಕಾದರೆ ಆ ಬಿಸಿ ಕೆಳಗಿನ ಮೈಗೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಸೂರ್ಯ ಮುಳುಗಿ, ಹೊರಗೆ ಗಾಳಿ ತುಸು ತಂಪಾದರೂ ಮಹಡಿಯ ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ಮಾತ್ರ ನೆತ್ತಿಯ ಮೇಲಿನಿಂದ ಝಳ ಹೊಡೆಯುತ್ತಲೇ ಇರುತ್ತದೆ. ಒಲೆ ಆರಿಸಿದ ಮೇಲೂ ಕಾದ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಬೇಯುವುದು ಇದೇ ಕಾರಣಕ್ಕೆ. ರಾತ್ರಿ ಹತ್ತಕ್ಕೆ ಎಸಿ ಹಾಕಿದವರು ಮೊದಲ ಎರಡು ಮೂರು ಗಂಟೆ ಕೊಡುವ ಹಣದ ಬಹುಪಾಲು ಗಾಳಿಗೆ ಸಲ್ಲುವುದಿಲ್ಲ, ಆ ದಿನದ ಬಿಸಿಲನ್ನು ಕಾಂಕ್ರೀಟಿನಿಂದ ಹೊರತೆಗೆಯುವುದಕ್ಕೆ ಸಲ್ಲುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪನೆಯ ಮಣ್ಣಿನ ಪದರ ಈ ಶಾಖವನ್ನು ಬಹಳ ಹೊತ್ತು ತಡೆಯುತ್ತಿತ್ತು. ಅವುಗಳ ಜಾಗದಲ್ಲಿ ಬಂದ ಆರ್‌ಸಿಸಿ ಮನೆಗಳು ಗಟ್ಟಿಮುಟ್ಟಾಗಿವೆ, ಮಳೆಗೆ ಸೋರುವುದಿಲ್ಲ. ಆದರೆ ಬೇಸಿಗೆಯ ವಿಷಯದಲ್ಲಿ ನಾವು ಕಳೆದುಕೊಂಡದ್ದನ್ನು ಈಗ ವಿದ್ಯುತ್ ಬಿಲ್ಲಿನ ರೂಪದಲ್ಲಿ ತುಂಬುತ್ತಿದ್ದೇವೆ.

ಆದ್ದರಿಂದ ಬಾಡಿಗೆಗೆ ಮನೆ ನೋಡುವವರಿಗೆ ಮೇಲೆ ಇನ್ನೊಂದು ಅಂತಸ್ತು ಇರುವ ಮನೆಯೂ ನೇರ ಬಿಸಿಲಿಗೆ ತೆರೆದ ಮೇಲಂತಸ್ತಿನ ಮನೆಯೂ ಒಂದೇ ಬಾಡಿಗೆಗೆ ಸಿಕ್ಕರೂ ಒಂದೇ ಖರ್ಚಿನವಲ್ಲ. ಒಂದೇ ಕಂಪನಿಯ, ಒಂದೇ ತಾರೆಯ ಎಸಿ ಎರಡೂ ಕಡೆ ಇದ್ದರೂ ಮೇಲಂತಸ್ತಿನ ಮೀಟರ್ ಬಹಳ ಹೆಚ್ಚು ವೇಗವಾಗಿ ಓಡುತ್ತದೆ.

ಚಾವಣಿಯ ಈ ಲೆಕ್ಕ ಗೊತ್ತಿದ್ದರೆ ರಿಮೋಟಿನ ಬಗೆಗಿನ ಒಂದು ತಪ್ಪು ನಂಬಿಕೆಯೂ ಕಳಚಿಕೊಳ್ಳುತ್ತದೆ. 16 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಬಿಸಿಯಾದ ಕೋಣೆಯಲ್ಲಿ 16ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ಎಸಿ ಆರಂಭದಲ್ಲಿ ತನ್ನ ಪೂರ್ಣ ಶಕ್ತಿಯಿಂದಲೇ ಓಡುತ್ತದೆ. ವ್ಯತ್ಯಾಸ ಬರುವುದು ಅದು ಯಾವಾಗ ವೇಗ ತಗ್ಗಿಸುತ್ತದೆ ಎಂಬುದರಲ್ಲಿ. ಕಾದ ಚಾವಣಿಯ ಕೆಳಗೆ 16 ಡಿಗ್ರಿ ಎಂದೂ ಮುಟ್ಟುವುದಿಲ್ಲವಾದ್ದರಿಂದ ಇನ್ವರ್ಟರ್ ಎಸಿಯೂ ರಾತ್ರಿಯಿಡೀ ಪೂರ್ಣ ವೇಗದಲ್ಲಿಯೇ ಓಡುತ್ತದೆ. ಅದಕ್ಕೆ ಕೊಟ್ಟ ಹೆಚ್ಚಿನ ಬೆಲೆಯ ಪ್ರಯೋಜನ ಅಲ್ಲಿಗೆ ಮುಗಿಯಿತು. ಇಂಧನ ದಕ್ಷತಾ ಬ್ಯೂರೋ ಹೇಳುವಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. ಇದೇ ಕಾರಣಕ್ಕೆ 2020ರ ಜನವರಿಯಿಂದ ತಾರೆಯ ಚೀಟಿಯಿರುವ ಎಲ್ಲ ಹೊಸ ಎಸಿಗಳು 24 ಡಿಗ್ರಿಯಲ್ಲಿ ಆರಂಭವಾಗುವಂತೆ ನಿಯಮ ಮಾಡಲಾಯಿತು. 2025ರ ಜೂನ್‌ನಲ್ಲಿ 20ಕ್ಕಿಂತ ಕೆಳಗೆ ಇಳಿಸಲಾಗದಂತೆ ಮಿತಿ ಹಾಕುವ ಮಾತನ್ನು ಕೇಂದ್ರ ಇಂಧನ ಸಚಿವರು ಆಡಿದರು. 20ರ ಬದಲು 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ಮೂರರಲ್ಲಿ ಒಂದು ಪಾಲಿಗೆ ಹತ್ತಿರದಷ್ಟು ಉಳಿತಾಯ. ಎಪ್ಪತ್ತೈದು ವಾಟ್‌ನ ಫ್ಯಾನ್ ಎಂಟು ಗಂಟೆ ತಿರುಗಿದರೆ ಆಗುವುದು 0.6 ಯೂನಿಟ್ ಮಾತ್ರ.

ಈಗ ಹಣದ ಲೆಕ್ಕ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2025-26ರ ದರಪಟ್ಟಿಯಂತೆ ಮನೆ ಬಳಕೆಯ ಯೂನಿಟ್ ದರ 5.80 ರೂಪಾಯಿ. ಅದರ ಮೇಲೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್‌ಗೆ 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇ 9ರಷ್ಟು ತೆರಿಗೆ. ಎಲ್ಲ ಕೂಡಿದರೆ ಒಂದು ಯೂನಿಟ್ 6.68 ರೂಪಾಯಿ ಬೀಳುತ್ತದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಇದಲ್ಲದೆ ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಅದೇ ಪಟ್ಟಿಯಲ್ಲಿದೆ; ಮುಂದಿನ ಲೆಕ್ಕಗಳೆಲ್ಲ ಆ ವರ್ಷದ ದರದವು. ಹೆಚ್ಚು ಬಳಸಿದರೆ ಯೂನಿಟ್ ದರವೂ ಏರುವ ಹಂತಗಳ ಪದ್ಧತಿ ಈಗಿಲ್ಲ; 2024ರ ಏಪ್ರಿಲ್‌ನಿಂದ ಎಷ್ಟೇ ಬಳಸಿದರೂ ಒಂದೇ ದರ. ಅದಕ್ಕೂ ಹಿಂದಿನ ವರ್ಷ ನೂರು ಯೂನಿಟ್ ದಾಟಿದವರಿಗೆ ಯೂನಿಟ್‌ಗೆ 7 ರೂಪಾಯಿ ಇತ್ತು ಎಂಬುದನ್ನು ಗಮನಿಸಿದರೆ, ಯೋಜನೆಯ ಹೊರಗಿರುವ ಎಸಿ ಬಳಕೆದಾರರಿಗೆ ದರ ಇಳಿದಿದೆ ಎಂದೇ ಹೇಳಬೇಕು.

ಮೇಲಂತಸ್ತಲ್ಲದ ಕೋಣೆಯಲ್ಲಿ, 25-26 ಡಿಗ್ರಿಗೆ ಇಟ್ಟ ಒಂದೂವರೆ ಟನ್‌ನ ಇನ್ವರ್ಟರ್ ಎಸಿ ರಾತ್ರಿ ಎಂಟು ಗಂಟೆ ಓಡಿದಾಗ ಸರಾಸರಿ ಗಂಟೆಗೆ 0.8 ಯೂನಿಟ್ ಎಂದು ಹಿಡಿಯೋಣ. ದಿನಕ್ಕೆ 6.4 ಯೂನಿಟ್, ತಿಂಗಳಿಗೆ 192. ಗೃಹಜ್ಯೋತಿಯ ಫಲಾನುಭವಿಯಲ್ಲದ ಮನೆಗೆ ಇದರ ಖರ್ಚು 1,283 ರೂಪಾಯಿ. ಅಂಗಡಿಯವರು ಹೇಳುವ ಲೆಕ್ಕ ಇಲ್ಲಿಗೆ ಸರಿಯಾಗಿಯೇ ಇದೆ. ಆದರೆ ಈ ಭಾಗದ ಬಹುತೇಕ ಮನೆಗಳು ಯೋಜನೆಯೊಳಗೆ ಇರುವಂಥವು, ಅವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಗೃಹಜ್ಯೋತಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಾಲನೆ ಕೊಟ್ಟದ್ದು ಕಲಬುರಗಿಯಲ್ಲಿಯೇ, 2023ರ ಆಗಸ್ಟ್ 5ರಂದು. ಅದರ ನಿಯಮದಲ್ಲಿ ಎರಡು ಮಿತಿಗಳಿವೆ, ಜನ ಸಾಮಾನ್ಯವಾಗಿ ನೆನಪಿಡುವುದು ಒಂದನ್ನು ಮಾತ್ರ. ಮೊದಲನೆಯದು ಪ್ರತಿ ಮನೆಯ ಸ್ವಂತ ಮಿತಿ: 2022-23ರಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇ 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಶೇ 10ರ ಬದಲು ಹತ್ತು ಯೂನಿಟ್ ಕೊಡಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಈ ಮಿತಿಯೊಳಗೆ ಬಿಲ್ ಸೊನ್ನೆ. ಮೀರಿದರೆ ಮೀರಿದಷ್ಟು ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಎರಡನೆಯದು ಎಲ್ಲರಿಗೂ ಒಂದೇ ಆದ 200 ಯೂನಿಟ್‌ನ ಗೆರೆ. ಅದನ್ನು ದಾಟಿದ ತಿಂಗಳು ರಿಯಾಯಿತಿಯೇ ಇಲ್ಲ, ಮೊದಲ ಯೂನಿಟ್‌ನಿಂದ ಕೊನೆಯ ಯೂನಿಟ್‌ವರೆಗೆ ಪೂರ್ತಿ ಬಿಲ್ ಕಟ್ಟಬೇಕು, ನಿಗದಿತ ಶುಲ್ಕವೂ ಸೇರಿ.

ಮನೆಯ ಸರಾಸರಿ 100, ಮಿತಿ 110 ಎಂದಿಟ್ಟುಕೊಳ್ಳಿ. ಮಂಜೂರಾದ ಲೋಡ್ 3 ಕಿಲೋವಾಟ್. ಎಸಿ ಇಲ್ಲದಾಗ 110 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಈ ಮನೆ ಮೇಲೆ ಹೇಳಿದ 192 ಯೂನಿಟ್ ಎಸಿ ಬಳಕೆಯಿಂದ 302ಕ್ಕೆ ಏರುತ್ತದೆ. ಬಿಲ್ಲು ಹೀಗಿರುತ್ತದೆ: 302 ಯೂನಿಟ್‌ಗೆ 2,017 ರೂಪಾಯಿ, ನಿಗದಿತ ಶುಲ್ಕ 435, ಒಟ್ಟು 2,452. ಎಸಿ ಬರುವ ಮುಂಚೆ ಸೊನ್ನೆ ಇದ್ದದ್ದರಿಂದ ಈ ಇಡೀ ಮೊತ್ತ ಎಸಿಯದೇ ಖರ್ಚು. ಎಸಿಯ ಒಂದೊಂದು ಯೂನಿಟ್‌ಗೆ ಆ ಮನೆ ಕೊಟ್ಟದ್ದು 6.68 ಅಲ್ಲ, 12.77 ರೂಪಾಯಿ. ಅದೇ ಎಸಿ, ಅದೇ ಗಂಟೆಗಳು, ವಿದ್ಯುತ್ ಪೂರೈಸುವ ಕಂಪನಿಯೂ ಅದೇ ಜೆಸ್ಕಾಂ. ಖರ್ಚು ಮಾತ್ರ ಯೋಜನೆಯಲ್ಲಿಲ್ಲದ ಪಕ್ಕದ ಮನೆಯ ಸುಮಾರು ಎರಡು ಪಟ್ಟು.

ಗೆರೆಯ ಅಂಚಿನಲ್ಲಿ ಇದು ಇನ್ನೂ ತೀಕ್ಷ್ಣ. ಅದೇ ಮನೆ 200 ಯೂನಿಟ್‌ಗೆ ನಿಂತರೆ ಹೆಚ್ಚುವರಿ 90 ಯೂನಿಟ್‌ಗೆ 601 ರೂಪಾಯಿ. 201 ಆದರೆ ಪೂರ್ತಿ 201 ಯೂನಿಟ್‌ಗೆ 1,343 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ನಿಗದಿತ ಶುಲ್ಕವನ್ನು ಪಕ್ಕಕ್ಕಿಟ್ಟರೂ ಆ ಒಂದೇ ಯೂನಿಟ್‌ನ ಬೆಲೆ 740 ರೂಪಾಯಿ ದಾಟುತ್ತದೆ. ಹಾಗಾಗಿ ಯೋಜನೆಯೊಳಗಿನ ಮನೆಗಳು ಬೇಸಿಗೆಯಲ್ಲಿ ‘ಎಸಿ ಗಂಟೆಗೆ ಎಷ್ಟು ಎಳೆಯುತ್ತದೆ’ ಎಂದು ಕೇಳುವುದಕ್ಕಿಂತ ‘ಈ ತಿಂಗಳ ರೀಡಿಂಗ್ ಆದ ದಿನದಿಂದ ಇವತ್ತಿಗೆ ಎಷ್ಟಾಯಿತು’ ಎಂದು ಮೀಟರ್ ನೋಡುವುದು ಹೆಚ್ಚು ಉಪಯುಕ್ತ. ಎಸಿಯನ್ನು ದಿನಕ್ಕೆ ಮೂರು ಗಂಟೆಗೆ, ಅಂದರೆ ಮಕ್ಕಳೋ ವಯಸ್ಸಾದವರೋ ನಿದ್ದೆ ಹೋಗುವವರೆಗೆ ಮಾತ್ರ ಹಾಕುವ ಮನೆಗೆ 200ರೊಳಗೆ ಉಳಿಯುವ ಸಾಧ್ಯತೆ ಇದೆ. ಒಮ್ಮೆ ಗೆರೆ ದಾಟಿಯಾದ ಮೇಲೆ ಆ ತಿಂಗಳ ಉಳಿದ ದಿನಗಳಲ್ಲಿ ಪ್ರತಿ ಯೂನಿಟ್ ಮತ್ತೆ 6.68 ರೂಪಾಯಿಯೇ ಎಂಬುದೂ ನಿಜ.

ಐದು ತಾರೆಯ ಎಸಿಗೆ ಹೆಚ್ಚು ಹಣ ಕೊಡಬೇಕೇ ಎಂಬ ಪ್ರಶ್ನೆಗೂ ಉತ್ತರ ಇದರಿಂದಲೇ ಬರುತ್ತದೆ. ದಕ್ಷತೆಯ ಅಂಕ 4ರಿಂದ 5ಕ್ಕೆ ಏರಿದರೆ ಬಳಕೆ ಐದನೇ ಒಂದು ಭಾಗ ಇಳಿಯುತ್ತದೆ: 192ರ ಬದಲು 154. ತಿಂಗಳಿಗೆ 38 ಯೂನಿಟ್, 254 ರೂಪಾಯಿ. ವರ್ಷಕ್ಕೆ ಮೂರು ತಿಂಗಳು ರಾತ್ರಿ ಮಾತ್ರ ಎಸಿ ಹಾಕುವ ಮನೆ ಎಂಟು ಸಾವಿರ ರೂಪಾಯಿ ಹೆಚ್ಚು ಕೊಟ್ಟಿದ್ದರೆ ಅದು ಮರಳಿ ಬರಲು ಹತ್ತು ವರ್ಷ ಬೇಕು. ಹಗಲೂ ರಾತ್ರಿಯೂ ಓಡಿಸುವ ಮನೆಗೆ ಬೇಗ ಬರುತ್ತದೆ. ಇಲ್ಲಿ ಹಗಲಿನ ಬಳಕೆ ಬೇರೆ ಊರುಗಳಿಗಿಂತ ಹೆಚ್ಚೇ ಆಗುವುದಕ್ಕೆ ಒಂದು ವಿಶೇಷ ಕಾರಣವೂ ಇದೆ: ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದರಿಂದ, ಬಿಸಿಲು ನೆತ್ತಿಗೇರಿದ ಹೊತ್ತಿಗೆ ನೌಕರರು ಮನೆ ಸೇರಿರುತ್ತಾರೆ. ಕಚೇರಿಯಲ್ಲಿ ಉಳಿದ ವಿದ್ಯುತ್ತು ಮನೆಯ ಮೀಟರಿನಲ್ಲಿ ಏರುತ್ತದೆ. ನನ್ನ ದೃಷ್ಟಿಯಲ್ಲಿ, ಆ ಎಂಟು ಸಾವಿರದ ಒಂದು ಭಾಗವನ್ನು ಮೊದಲು ತಾರಸಿಗೆ ಖರ್ಚು ಮಾಡುವುದು ಮೇಲಂತಸ್ತಿನ ಮನೆಗಳಿಗೆ ಹೆಚ್ಚು ಲಾಭ.

ತಾರಸಿಗೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಹೊಡೆಸುವುದು ತೀರ ಅಗ್ಗದ ಉಪಾಯ. ಮಳೆಗೆ ತೊಳೆದುಹೋದರೂ ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಬಿಸಿಲನ್ನು ಹಿಂದಿರುಗಿಸುವ ಬಿಳಿ ಬಣ್ಣಗಳು, ಬಿಳಿ ಟೈಲ್ಸ್ ಚೂರುಗಳ ಹಾಸು ಹೆಚ್ಚು ವರ್ಷ ಬಾಳುತ್ತವೆ. ಹಗಲಿನಲ್ಲಿ ಚಾವಣಿ ಕಾಯುವುದೇ ಕಡಿಮೆಯಾದರೆ ಎಸಿ ರಾತ್ರಿ ತೆಗೆಯಬೇಕಾದ ಶಾಖವೂ ಕಡಿಮೆ. ಚಾವಣಿ ಐದು ಡಿಗ್ರಿ ಕಡಿಮೆ ಕಾದಿದ್ದರೆ ಮೇಲಿನ ಲೆಕ್ಕದಂತೆ ನಾಲ್ಕು ಯೂನಿಟ್‌ನಷ್ಟು ಶಾಖ ಉಳಿಯಿತು. ಅದರಲ್ಲಿ ಒಂದು ಪಾಲು ತಾರಸಿಯಿಂದ ಆಕಾಶಕ್ಕೇ ಹೋಗುತ್ತಿತ್ತು ಎಂದುಕೊಂಡರೂ ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ವಿದ್ಯುತ್ ಉಳಿದಂತೆ, ತಿಂಗಳಿಗೆ ಹದಿನೈದರಿಂದ ಮೂವತ್ತು. 200ರ ಗೆರೆಯ ಆಚೀಚೆ ನಿಂತ ಮನೆಗೆ ಆ ಮೂವತ್ತು ಯೂನಿಟ್ ಬಹಳ ದೊಡ್ಡದು. ಎಸಿಯ ಹೊರಗಿನ ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಗೋ ಬಿಸಿಲು ಬೀಳುವ ತಾರಸಿಗೋ ಕೂರಿಸದೆ, ಗಾಳಿ ಆಡುವ ನೆರಳಿನಲ್ಲಿ ಇಡಿಸಬೇಕು. ಇಲ್ಲಿನ ಧೂಳಿಗೆ ಫಿಲ್ಟರ್ ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು.

ಇಷ್ಟೆಲ್ಲದರ ನಡುವೆ ಕೂಲರ್ ಮರೆಯಬಾರದು, ಏಕೆಂದರೆ ನಮ್ಮ ಹವೆಗೆ ಅದು ಹೇಳಿ ಮಾಡಿಸಿದ ಯಂತ್ರ. ಒಂದು ಲೀಟರ್ ನೀರು ಆವಿಯಾಗುವಾಗ 0.67 ಯೂನಿಟ್‌ನಷ್ಟು ಶಾಖವನ್ನು ಗಾಳಿಯಿಂದ ಹೀರುತ್ತದೆ. ಅದಕ್ಕೆ ವಿದ್ಯುತ್ ಬೇಕಿಲ್ಲ, ಫ್ಯಾನ್ ಮತ್ತು ಪಂಪಿಗೆ ಮಾತ್ರ ಬೇಕು. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 20 ಇದ್ದರೆ ಒಳ್ಳೆಯ ಪ್ಯಾಡ್ ಇರುವ ಕೂಲರಿನಿಂದ 28-29 ಡಿಗ್ರಿಯ ಗಾಳಿ ಬರುತ್ತದೆ. ಎಸಿಗೆ ಅತ್ಯಂತ ದುಬಾರಿಯಾದ ಗಂಟೆಗಳೇ ಕೂಲರಿಗೆ ಅತ್ಯುತ್ತಮ ಗಂಟೆಗಳು. ಮಂಗಳೂರಿನ ಸೆಕೆಯಲ್ಲಿ ಇದೇ ಕೂಲರ್ ಕೆಲಸಕ್ಕೆ ಬಾರದು. ಇಲ್ಲಿಯೂ ಜೂನ್‌ನಲ್ಲಿ ಮೋಡ ಕವಿದು ತೇವ ಏರಿದ ಮೇಲೆ ಅದರ ಗಾಳಿ ಮೈಗೆ ಅಂಟುತ್ತದೆ. ಇನ್ನೂರು ವಾಟ್‌ನ ಕೂಲರ್ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್, ಎಸಿಯ ಮೂರನೇ ಒಂದು ಭಾಗ. ಹಗಲು ಕೂಲರ್, ಮಲಗುವಾಗ ಕೆಲವು ಗಂಟೆ ಎಸಿ ಎಂಬ ಹಂಚಿಕೆ ಈ ಊರಿಗೆ ಸರಿಹೊಂದುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಹಾಕಿದರೆ ಮಾತ್ರ ನಷ್ಟ. ಕೂಲರ್ ತುಂಬಿದ ತೇವವನ್ನು ಎಸಿ ಹಿಂಡಿ ತೆಗೆಯಬೇಕಾಗುತ್ತದೆ.

ಕೂಲರಿಗೆ ನೀರು ಬೇಕು ಎಂಬುದೇ ಅದರ ದೊಡ್ಡ ಕೊರತೆ. ಗಂಟೆಗೆ ಐದಾರು ಲೀಟರ್‌ನಂತೆ ದಿನಕ್ಕೆ ಐವತ್ತರವತ್ತು ಲೀಟರ್. ಬೆಣ್ಣೆತೊರಾ ಜಲಾಶಯ ಮತ್ತು ಭೀಮಾ ನದಿಯ ನೀರನ್ನು ನೆಚ್ಚಿಕೊಂಡ ಕಲಬುರಗಿಯಲ್ಲಿ ಬೇಸಿಗೆಯ ಕೊನೆಯ ವಾರಗಳಲ್ಲಿ ನಳದ ನೀರಿನ ಸರದಿ ಬರುವವರೆಗೆ ಕೊಡಗಳನ್ನು ತುಂಬಿಟ್ಟು ಕಾಯುವ ಓಣಿಗಳಿವೆ. ಅಲ್ಲಿನ ಹೆಣ್ಣುಮಕ್ಕಳಿಗೆ ಆ ಐವತ್ತು ಲೀಟರ್ ಪುಕ್ಕಟೆಯಲ್ಲ. ಟ್ಯಾಂಕಿನ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜದಿದ್ದರೆ ಡೆಂಗಿ ಹರಡುವ ಸೊಳ್ಳೆಗಳು ಅಲ್ಲಿಯೇ ಮೊಟ್ಟೆಯಿಡುತ್ತವೆ.

ಎಸಿ ಹಾಕಿಸುವ ಮುನ್ನ ಮಂಜೂರಾದ ಲೋಡನ್ನೂ ನೋಡಿಕೊಳ್ಳಬೇಕು. ಒಂದು ಕಿಲೋವಾಟ್ ಮಂಜೂರಾತಿಯ ಮನೆಯಲ್ಲಿ ಒಂದೂವರೆ ಕಿಲೋವಾಟ್ ಎಳೆಯುವ ಯಂತ್ರ ಓಡಿದರೆ ಈಗಿನ ಮೀಟರುಗಳು ಅದನ್ನು ದಾಖಲಿಸುತ್ತವೆ. ಲೋಡ್ ಹೆಚ್ಚಿಸಿಕೊಂಡರೆ ಯೋಜನೆಯಿಂದ ಹೊರಬಿದ್ದ ತಿಂಗಳುಗಳಲ್ಲಿ ಪ್ರತಿ ಕಿಲೋವಾಟ್‌ಗೂ ನಿಗದಿತ ಶುಲ್ಕ ಸೇರುತ್ತದೆ. ಬಳಕೆ ಏರಿದ್ದರಿಂದ ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾದ ಭದ್ರತಾ ಠೇವಣಿಯ ಕೊರತೆಯನ್ನೂ ತುಂಬಬೇಕಾಗುತ್ತದೆ. ಆದರೂ ಲೋಡನ್ನು ಮುಚ್ಚಿಡುವುದು ತಪ್ಪು, ಏಕೆಂದರೆ ಓಣಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬ ಅಂದಾಜನ್ನು ಜೆಸ್ಕಾಂ ಮಾಡುವುದು ಈ ಅಂಕಿಗಳಿಂದಲೇ. ಸ್ವಂತ ತಾರಸಿ ಇರುವವರಿಗೆ ತಾರಸಿಯ ಸೌರ ಫಲಕಗಳಿಗಾಗಿ ಇರುವ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನವಿದೆ. ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುವುದರಿಂದ ಹಗಲು ಎಸಿ ಬಳಸುವ ಮನೆಗೆ ಅದು ಹೊಂದುತ್ತದೆ, ಜೊತೆಗೆ ಫಲಕದ ನೆರಳಿಗೆ ಚಾವಣಿಯೂ ಕಾಯುವುದು ತಪ್ಪುತ್ತದೆ. ಬಾಡಿಗೆದಾರರಿಗೆ ಈ ದಾರಿ ಮುಚ್ಚಿದೆ.

ಇನ್ನು ಉಳಿಯುವುದು ನೀತಿಯ ಪ್ರಶ್ನೆ. ಎಸಿ ಸಿರಿವಂತರ ಸುಖ, ಅದಕ್ಕೆ ಸರ್ಕಾರ ಏಕೆ ಹಣ ಕೊಡಬೇಕು ಎಂಬ ಮಾತಿಗೆ ಬೆಂಗಳೂರಿನಲ್ಲಿ ಅರ್ಥವಿರಬಹುದು. ಗಾಳಿಯ ಉಷ್ಣಾಂಶ ಮೈಚರ್ಮದ 35 ಡಿಗ್ರಿಯನ್ನು ಬಹಳ ದಾಟಿದ ಮೇಲೆ ಫ್ಯಾನ್ ಬೀಸುವುದು ಬಿಸಿ ಗಾಳಿಯನ್ನೇ. ಹೃದಯದ ತೊಂದರೆ ಇರುವವರು, ಹಸುಗೂಸುಗಳು, ಬಾಣಂತಿಯರು ಇರುವ ಮನೆಗೆ ತಂಪಾದ ಒಂದು ಕೋಣೆ ಆರೋಗ್ಯದ ಅಗತ್ಯ. ಅದಕ್ಕಿಂತ ಮುಖ್ಯವಾಗಿ, ನಿಯಮದ ಲೆಕ್ಕಾಚಾರವೇ ಬೇಸಿಗೆ ಕಟುವಾಗಿರುವ ಜಿಲ್ಲೆಗಳಿಗೆ ಎದುರಾಗಿ ನಿಂತಿದೆ. ವರ್ಷಕ್ಕೆ 1,320 ಯೂನಿಟ್ ಬಳಸುವ ಎರಡು ಮನೆಗಳನ್ನು ಹೋಲಿಸಿ. ಹವೆ ವರ್ಷವಿಡೀ ಹಿತವಾಗಿರುವ ಊರಿನ ಮನೆ ತಿಂಗಳಿಗೆ 110ರಂತೆ ಬಳಸುತ್ತದೆ. ಕಲಬುರಗಿಯ ಮನೆ ಒಂಬತ್ತು ತಿಂಗಳು 85ರಂತೆ, ಕೂಲರುಗಳು ಓಡುವ ಮೂರು ತಿಂಗಳು 185ರಂತೆ ಬಳಸುತ್ತದೆ. ಇಬ್ಬರ ಸರಾಸರಿಯೂ ಒಂದೇ, ಮಿತಿಯೂ ಒಂದೇ: 121. ಮೊದಲ ಮನೆ ವರ್ಷವಿಡೀ ಒಂದು ಪೈಸೆ ಕಟ್ಟುವುದಿಲ್ಲ. ನಮ್ಮ ಮನೆ ಬೇಸಿಗೆಯಲ್ಲಿ 192 ಹೆಚ್ಚುವರಿ ಯೂನಿಟ್‌ಗಳಿಗೆ 1,283 ರೂಪಾಯಿ ಕಟ್ಟುತ್ತದೆ. ಉಳಿದ ಒಂಬತ್ತು ತಿಂಗಳಲ್ಲಿ ಬಳಸದೆ ಬಿಟ್ಟ 324 ಯೂನಿಟ್‌ಗಳ ಅರ್ಹತೆ ಲೆಕ್ಕಕ್ಕೇ ಬರುವುದಿಲ್ಲ. ಅದೇ ಮನೆ ಬೇಸಿಗೆಯ ತಿಂಗಳಲ್ಲಿ ಇನ್ನೂ 20 ಯೂನಿಟ್ ಹೆಚ್ಚು ಬಳಸಿದರೆ 200ರ ಗೆರೆ ದಾಟಿ, 3 ಕಿಲೋವಾಟ್ ಲೋಡಿನ ನಿಗದಿತ ಶುಲ್ಕ ಸೇರಿ ಆ ತಿಂಗಳ ಬಿಲ್ 1,800 ರೂಪಾಯಿ ಮೀರುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮನೆಯ ಮಿತಿಯನ್ನೂ 200ರ ಗೆರೆಯನ್ನೂ ತಿಂಗಳ ಬದಲು ವರ್ಷದ ಮೊತ್ತವಾಗಿ ಲೆಕ್ಕ ಹಾಕಬಹುದು, ಅಥವಾ ಚಳಿಗಾಲದಲ್ಲಿ ಬಳಸದೆ ಉಳಿದ ಯೂನಿಟ್‌ಗಳನ್ನು ಮಾರ್ಚ್‌ನಿಂದ ಜೂನ್‌ವರೆಗೆ ಬಳಸಿಕೊಳ್ಳಲು ಬಿಡಬಹುದು. ಈಗ ವ್ಯರ್ಥವಾಗುತ್ತಿರುವ ಅರ್ಹತೆ ಬಳಕೆಗೆ ಬರುವುದರಿಂದ ಬೊಕ್ಕಸದ ಹೊರೆ ಸ್ವಲ್ಪ ಏರುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಅದು ಯಾವ ಮನೆಗೂ ಅದರ ವಾರ್ಷಿಕ ಅರ್ಹತೆಗಿಂತ ಒಂದು ಯೂನಿಟ್ ಹೆಚ್ಚು ಕೊಟ್ಟಂತಾಗುವುದಿಲ್ಲ. ದರಪಟ್ಟಿಯ ಬಗ್ಗೆ ತಕರಾರಿದ್ದರೆ ಅದನ್ನು ಕೇಳುವುದು ನಿಯಂತ್ರಣ ಆಯೋಗ, 2025-26ರಿಂದ 2027-28ರವರೆಗಿನ ಮೂರು ವರ್ಷಗಳ ದರವನ್ನು ಅದು ಈಗಾಗಲೇ ನಿಗದಿ ಮಾಡಿದೆ. ಗೃಹಜ್ಯೋತಿಯ ಮಿತಿ ಆಯೋಗದ ಕೈಯಲ್ಲಿಲ್ಲ, ರಾಜ್ಯ ಸರ್ಕಾರದ ಕೈಯಲ್ಲಿದೆ. ಕಡಿಮೆ ಬಳಸುವ ಮನೆಗಳಿಗಾಗಿ 2024ರ ಜನವರಿಯಲ್ಲಿ ಮಾಡಿದಂತೆ ಇದನ್ನೂ ಸಚಿವ ಸಂಪುಟದ ಒಂದು ತೀರ್ಮಾನದಿಂದ ತಿದ್ದಬಹುದು, ಮತ್ತು ಈ ಭಾಗದ ಶಾಸಕರು ಮೊದಲು ಕೇಳಬೇಕಾದ್ದು ಅದನ್ನೇ.